ಇಲ್ಲದ ಪ್ರಬಂಧ

ಕಿಜಿಲೋರ್ಡದ ಲೈಬ್ರರಿಯಲ್ಲಿ ಹೀಟರು ಕೆಟ್ಟ ದಿನ
ದಾರ್ಖಾನ್ ಬಂದ, ಚೀಟಿ ಹಿಡಿದು:
"ಕುಲ್ಯಾಶ್ ಅಕ್ಕ, ಇದೊಂದು ಹುಡುಕಿಕೊಡಿ.
ವಸಂತದೊಳಗೆ ಎರಡು ಪ್ರಬಂಧ ಅಚ್ಚಾಗದಿದ್ದರೆ
ನನ್ನ ಕುರ್ಚಿ ಬೇರೆಯವರಿಗೆ."

ಬೊರಾನ್‌ಬಾಯೆವ್, ೨೦೧೧.
ಅರಾಲ್‌ಗೆ ಮರಳಿದ ಮೀನುಗಳು. ಪುಟ ೪೧ರಿಂದ ೫೮.

ಮೇಷ್ಟ್ರು ತೀರಿಕೊಂಡದ್ದು ತೊಂಬತ್ತೆಂಟರಲ್ಲಿ.

"ಯಂತ್ರ ಕೊಟ್ಟ ಪಟ್ಟಿ" ಅಂದ, ಕಿವಿ ಕೆಂಪಾಗಿ.
"ಉಳಿದ ಹದಿನೇಳೂ ಸರಿಯಿವೆ.
ಅಂದರೆ... ತೆರೆದು ನೋಡಿಲ್ಲ."

ಮೇಷ್ಟ್ರು ಬರೆದದ್ದು ಜೀವಮಾನಕ್ಕೆ ಮೂರೇ.
ಒಂದು ಹುರುಪೆಯ ಉಂಗುರ ಎಣಿಸಲು ಇಡೀ ಮಧ್ಯಾಹ್ನ,
ಸಂಶಯ ಬಂದರೆ ಮತ್ತೆ ಮೊದಲಿಂದ.
ಆರಿದ ಚಹಾ ನಾನೇ ಬಿಸಿಮಾಡಿ ಕೊಡುತ್ತಿದ್ದೆ.
ಕೊನೆಯ ಕೋಷ್ಟಕದ ತುಂಬ
ಸೊನ್ನೆ, ಸೊನ್ನೆ, ಸೊನ್ನೆ.
ಒಂದೊಂದೂ ದೋಣಿಯಲ್ಲಿ ಹೋಗಿ,
ಬಲೆ ಬೀಸಿ, ಕಾದು,
ಬಂದು ಬರೆದ ಸೊನ್ನೆ.

ದಾರ್ಖಾನನಿಗೆ ಆ ಕೋಷ್ಟಕ ತೋರಿಸಿದೆ.
ಫೋನಿನಲ್ಲಿ ಫೋಟೋ ತೆಗೆದುಕೊಂಡ. ಓದುತ್ತಾನೋ ಏನೋ.

ರಿಜಿಸ್ಟರಿನಲ್ಲಿ 'ಇಲ್ಲ' ಎಂದು ಬರೆದು
ಮೊಹರು ಒತ್ತಿದೆ.
ಚೀಟಿ ಮಾತ್ರ ವಾಪಸು ಕೊಡಲಿಲ್ಲ.

ಮೀನು ಮರಳಿದವಂತೆ.
ಹದಿನೆಂಟು ಪುಟ.
ಓದಬೇಕಿತ್ತು ನನಗೂ.