ಎಡಗಾಲು

ಬ್ಯಾಡಗಿಯೊಳಗ ಹಿಮ ಎಲ್ಲಿಂದ ತರಲಿ?
ಧಾರವಾಡದಿಂದ ಗುರುಪಾದ ಕಳಿಸಿದ ಪಟ್ಟಿಯೊಳಗ
ಮೊದಲನೇದೇ ಅದು: ಹಿಮದ ಮ್ಯಾಲೆ ನಡಿಗಿ.
ಆಮ್ಯಾಲೆ ಎಲುಬಿನ ಸೈನ್ಯ. ಬೆಂಕಿ.
ಹಾಳು ಕೋಟೆಯೊಳಗಿನ ಮೌನ, ಎರಡು ನಿಮಿಷ.

ಹಳೇ ಅರಿವ್ಯಾಗ ಜ್ವಾಳದ ಹಿಟ್ಟು ಕಟ್ಟಿ
ಫೋನಿನ ಹತ್ತಿರ ಹಿಚುಕಿದೆ. ನಾ ಕಾಣದ ಹಿಮ
ಅಡಿಗಿಮನ್ಯಾಗ ಬಿತ್ತು.
ಕಡಕ್ ರೊಟ್ಟಿ ಮುರಿದರ ಒಂದು ಪಕ್ಕೆಲುಬು.
ಒಣ ಮೆಣಸಿನಕಾಯಿ ಅಲುಗಿಸಿದರ
ಒಳಗಿನ ಬೀಜ ಎದ್ದು ಕವಾಯತು ಮಾಡತಾವ.
ಬೆಂಕಿಗೂ ಅದನ್ನ ಮುಷ್ಟಿಯೊಳಗ ಮೆಲ್ಲಗ ನುರಿದೆ.
ಕೈ ಎರಡು ದಿನ ಉರೀತು,
ಪರದೆ ಮ್ಯಾಲಿನ ಬೆಂಕಿ ಯಾರನ್ನೂ ಸುಡಲಿಲ್ಲ.

ಮೌನ ಮಾತ್ರ ಎಲ್ಲೂ ಸಿಗಲಿಲ್ಲ.
ಮನ್ಯಾಗ ಫ್ಯಾನು, ಓಣ್ಯಾಗ ಟಂಟಂ,
ನಡುರಾತ್ರಿ ಎದ್ದು ಕೂತರ ನನ್ನ ಮೂಗೇ ಸೀಟಿ.
ಕಡೀಕ ಕೋಲ್ಡ್ ಸ್ಟೋರೇಜಿನ ಹಜರೇಸಾಬಗ ಚಹಾ ಕುಡಿಸಿ
ಚೀಲದ ಗ್ವಾಡಿಗಳ ನಡುವ ಕೂತೆ, ಸ್ವೆಟರ್ ಮ್ಯಾಲೆ ಸ್ವೆಟರ್.
ಒಂದು ನಿಮಿಷ ಐವತ್ತು ಸೆಕೆಂಡು ಸೀನು ತಡದೆ.
ಆ ಸೀನು ಈಗ ರಾಕ್ಷಸನ ಬಾಯಾಗ ಐತಿ,
ವೇಗ ಅರ್ಧಕ್ಕ ಇಳಿಸಿ.

ನಾಯಕನ ಹೆಜ್ಜಿಗೆ ಕಾಶವ್ವನ್ನ ಕರದೆ.
ದಿನವಿಡೀ ಕೂತು ಮೆಣಸಿನಕಾಯಿ ತುಂಬು ಬಿಡಿಸಾಕಿ,
ನಡಿ ಅಂದರ ನಕ್ಕಳು:
"ನಡಿಯೂದಕ್ಕೂ ಪಗಾರ ಕೊಡತಿಯೇನ?"
ಒಂದ ಹೆಜ್ಜಿ ಮತ್ತ ಮತ್ತ ಹಚ್ಚಿದರ
ಕಿವಿಗೆ ಸುಳ್ಳು ತಿಳೀತೈತಿ;
ಅದಕ್ಕ ನಲವತ್ತು ಸಲ ನಡಿಸಿದೆ,
ಪರಸಿ ಮ್ಯಾಲೆ, ಉಸುಕಿನ ಮ್ಯಾಲೆ, ಒದ್ದಿ ಮಣ್ಣಿನ ಮ್ಯಾಲೆ.

ಗುರುಪಾದ ಕೇಳಿ ಅಂದ: ಚೊಲೊ ಬಂದೈತಿ, ಆದರ
ಹುಡುಗ ಕುಂಟಿದಂಗ ಕೇಳತೈತಿ. ಎಡಗಾಲು ತಗದುಬಿಡು.
ತಗದೆ. ಬಲಗಾಲನ್ನ ಎರಡೂ ಕಡೆ ಹಚ್ಚಿದೆ.
ಹುಡುಗನ ತೂಕನ ಹೋತು,
ತಂತಿ ಮ್ಯಾಲೆ ಒಣಗಾಕ ಹಾಕಿದ ಅಂಗಿ ಅವ.
ಗುರುಪಾದಗ ಹೇಳದ
ಏಳು ಹೆಜ್ಜಿಗೊಂದು ತಿರುಗಿ ಸೇರಿಸಿದೆ.

ಮೊನ್ನೆ ಕಾಶವ್ವನ ಕಿವಿಗೆ ಇಯರ್‌ಫೋನ್ ಇಟ್ಟೆ.
ಎಲುಬಿನ ಸೈನ್ಯಕ್ಕ ಅಂಜಲಿಲ್ಲ,
ರಾಕ್ಷಸ ಸೀನಿದರ "ನೆಗಡಿ" ಅಂದಳು.
ಆಮ್ಯಾಲೆ ಪರದೆ ಹತ್ತಿರ ಸರದು, ಹುಬ್ಬು ಗಂಟಿಕ್ಕಿ:
"ಈ ಹುಡುಗ ಯಾಕ ಎಡಗಾಲು ಎಳೀತಾನ?
ಮುಳ್ಳು ನೆಟ್ಟಿರಬೇಕು. ನಿಲ್ಲಸವನ್ನ, ನೋಡೂಣು."

ನಿಲ್ಲಿಸಿದೆ.
ಖಾರದ ಬೆರಳು ಸೆರಗಿಗೆ ಎರಡು ಸಲ ಒರಸಿಕೊಂಡು
ಅವನ ಪಾದ ಮುಟ್ಟಿದಳು.