ಚಕ್ಕುಬಂದಿ

ಪೂರ್ವಕ್ಕೆ ಲಿಫ್ಟು,
ಪಶ್ಚಿಮಕ್ಕೆ ಸಾವಿರದ ಇನ್ನೂರ ಮೂರನೇ ನಂಬರಿನ ಮನೆ,
ದಕ್ಷಿಣಕ್ಕೆ ಓಡಾಡುವ ಓಣಿ,
ಉತ್ತರಕ್ಕೆ
ಎಂದು ಬರೆದು ಕೈ ನಿಂತಿತು.

ಮೂವತ್ತೊಂದು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ
ಸಬ್ ರಿಜಿಸ್ಟ್ರಾರ್ ಕಚೇರಿ ಎದುರು, ಜೆರಾಕ್ಸ್ ಅಂಗಡಿಯ ಪಕ್ಕ.
ಗದ್ದೆ ಬರೆದಿದ್ದೇನೆ, ಹಿತ್ತಲು ಬರೆದಿದ್ದೇನೆ,
ಅಣ್ಣತಮ್ಮಂದಿರ ನಡುವೆ ಒಂದು ಬಾವಿಯನ್ನು
ಅರ್ಧರ್ಧ ಬರೆದಿದ್ದೇನೆ.
ಗಾಳಿ ಬರೆಯುತ್ತಿರುವುದು ಇದೇ ಮೊದಲು.

'ರಿವರ್ ವ್ಯೂ ಅಂತ ಹಾಕಿ' ಎಂದ ಕಂಪನಿಯ ಹುಡುಗ ವಕೀಲ.
ಆ ಬದಿಯ ಮನೆಗೆ ಚದರಡಿಗೆ ಮುನ್ನೂರು ಜಾಸ್ತಿಯಂತೆ.
ನೋಟಕ್ಕೆ ಸ್ಟಾಂಪ್ ಡ್ಯೂಟಿ ಎಷ್ಟು ಎಂದೆ.
ನಕ್ಕ.
ನಾನು ತಮಾಷೆಗೆ ಕೇಳಿರಲಿಲ್ಲ.

ಕೊಳ್ಳುವವರು ಶ್ರೀಮತಿ ಶಶಿಪ್ರಭಾ ಕೋಂ ಡಾಕ್ಟರ್ ಜಯದೇವಪ್ಪ.
ಒಳ್ಳೆಯ ಹೆಂಗಸು, ನನಗೂ ಒಂದು ಬಾದಾಮಿ ಹಾಲು ತರಿಸಿದರು.
ಮಂಡಿನೋವು. 'ಮೇಲಿಂದ ಮಂಟಪ ಕಾಣುತ್ತೆ,
ಮುಳುಗಿತೋ ಇಲ್ಲವೋ ಅಂತ
ಇನ್ನು ಸೇತುವೆಗೆ ಹೋಗೋ ಹಾಗಿಲ್ಲ' ಎಂದರು.
ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಶಿವಮೊಗ್ಗವೇ ಕೇಳುವ ಪ್ರಶ್ನೆ ಅದು.
ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನೆಲ ಎಷ್ಟು?
ಅವಿಭಾಜ್ಯ ಹಕ್ಕು, ನಾನೂರ ಹನ್ನೆರಡು ಚದರಡಿ.
ಎಲ್ಲಿ?
'ಎಲ್ಲಿ ಅಂತ ತೋರಿಸೋಕಾಗಲ್ಲ ಸಾರ್, ಎಲ್ಲಾ ಕಡೆ ಇದೆ.'
ದೇವರ ವಿಷಯ ಹೇಳುವ ಹಾಗೆ ಹೇಳಿದ.

ತೋರಿಸಬಲ್ಲವಳೊಬ್ಬಳಿದ್ದಳು.
ಮೂಲಪತ್ರ ತೆಗೆದರೆ ನನ್ನದೇ ಅಕ್ಷರ,
ತೊಂಬತ್ತೈದನೇ ಇಸವಿ, ಇನ್ನೂ ಗುಂಡಗಿದ್ದ ಅಕ್ಷರ:
'ಉತ್ತರಕ್ಕೆ ಮಡಿವಾಳರ ಹುಚ್ಚಮ್ಮನ ಒಗೆಯುವ ಕಲ್ಲು,
ಅದರಾಚೆ ಹೊಳೆ.'
ಜಾಗ ಅವಳದಲ್ಲ.
ಯಾರದೋ ಇಟ್ಟಿಗೆ ಗೂಡು, ಯಾರಿಗೋ ಮಾರಿದರು.
ಆದರೂ ಉಗುರಿಗೆಲ್ಲ ನೀಲಿ ಹತ್ತಿದ ಆ ಮುದುಕಿ ಬಂದು
'ಬರ್ಕಳಿ ಸ್ವಾಮಿ, ನನ್ ಕಲ್ಲು ಇಲ್ಲೈತೆ' ಎಂದು
ನನ್ನ ಮೇಜಿನ ಮೇಲೆ, ಶಾಯಿ ಬುಡ್ಡಿಯ ಪಕ್ಕ,
ಅಂಗೈ ಊರಿ ತೋರಿಸಿದ್ದಳು.
ಸಾಕ್ಷಿಗೊಬ್ಬರು ಕಡಿಮೆಯಾಗಿ ಅವಳದೇ ಹೆಬ್ಬೆಟ್ಟು ಒತ್ತಿಸಿದೆವು.
ಸೋಡಾ ತಿಂದ ಬೆರಳು, ಒಂದು ಗೆರೆಯೂ ಮೂಡಲಿಲ್ಲ.
ಬರೀ ಕಪ್ಪು, ನೇರಳೆ ಹಣ್ಣು ಜಜ್ಜಿದ ಹಾಗೆ.
ಸಾಹೇಬರು ಕನ್ನಡಕ ಏರಿಸಿ
'ಇದು ಯಾರದಾದರೂ ಆಗಬಹುದಲ್ಲ' ಎಂದಿದ್ದರು.

ಈಗ ಎಲ್ಲ ಕಂಪ್ಯೂಟರು.
ಕಾವೇರಿ ಎಂಬ ತಂತ್ರಾಂಶದೊಳಗೆ ತುಂಗೆಯನ್ನು ತುಂಬಬೇಕು.
ನಿಧಿ ನಿಕ್ಷೇಪ ಜಲ ತರು ಪಾಷಾಣ ಎಂದು
ಅಭ್ಯಾಸಬಲದಿಂದ ಟೈಪು ಮಾಡಿದ್ದನ್ನು ಹುಡುಗ ಅಳಿಸಿದ.
ಜಲ ಅಸೋಸಿಯೇಷನ್ನಿನದು, ತರು ಲ್ಯಾಂಡ್‌ಸ್ಕೇಪಿನವರದು.
ಪಾಷಾಣಕ್ಕೆ ಬಂದಾಗ ಸುಮ್ಮನಾದ.
ಕಲ್ಲಿದ್ದ ಕಡೆ ಈಗ ಜಾಗಿಂಗ್ ಟ್ರ್ಯಾಕು, ಕೆಂಪು ರಬ್ಬರಿನದು.

ಹದಿನೆಂಟನೇ ಪುಟ, ಷರತ್ತು ಇಪ್ಪತ್ತಾರು:
ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಕೂಡದು.
ಎರಡು ಸಲ ಓದಿದೆ.
ಕಾಗುಣಿತ ಸರಿಯಿತ್ತು.

ಉತ್ತರಕ್ಕೆ, ಕೊನೆಗೆ, ಹಳೆಯದನ್ನೇ ಹಾಕಿದೆ,
ಮೂಲಪತ್ರಕ್ಕೆ ಹೊಂದಬೇಕಲ್ಲ ಎಂಬ ನೆಪ ಹೇಳಿ.
ಹುಡುಗ ವಾಚು ನೋಡಿಕೊಂಡ, ಬಿಟ್ಟ.
ಶಶಿಪ್ರಭಾ ಅವರು ಯಂತ್ರದ ಮೇಲೆ ಹೆಬ್ಬೆರಳಿಟ್ಟರು.
ಹಸಿರು ದೀಪ ಹತ್ತಿತು.
ನಲವತ್ತೆಂಟು ಮನೆ, ನಲವತ್ತೆಂಟು ಪತ್ರ.
ಒಂದೊಂದು ಬೀರುವಿನಲ್ಲೂ, ಒಡವೆಯ ಡಬ್ಬಿಯ ಕೆಳಗೆ,
ಯಾರೂ ಓದದ ಪುಟದಲ್ಲಿ ಹುಚ್ಚಮ್ಮ ಇದ್ದಾಳೆ.

ಮೊನ್ನೆ ಮಂಟಪ ಮುಳುಗಿತು.
ಸೇತುವೆಯ ಮೇಲೆ ಜನರ ನಡುವೆ ಕೊಡೆ ಹಿಡಿದು ನಿಂತಿದ್ದೆ.
ಜೋಳ ಸುಡುವವನಿಗೆ ಒಳ್ಳೆಯ ವ್ಯಾಪಾರ.
ಹೊಳೆ ಕೆಂಪು ರಬ್ಬರು ದಾಟಿ
ಕಾಂಪೌಂಡಿನ ಗೇಟು ಅಲ್ಲಾಡಿಸಿ ನೋಡುತ್ತಿತ್ತು.
ಮೇಲೆ, ಹನ್ನೆರಡನೆಯದರಲ್ಲಿ, ದೀಪ.
ಯಾರೋ ನನ್ನತ್ತ ಕೈ ಬೀಸಿದ ಹಾಗಾಯಿತು.
ಟವೆಲ್ಲೂ ಇರಬಹುದು.