ಷರಾ

ಹಳದೀಪುರ ಟೀಚರ ಸೇವಾಪುಸ್ತಕ
ಇವತ್ತು ನನ್ನ ಮೇಜಿಗೆ ಬಂತು, ಮುಚ್ಚಲಿಕ್ಕೆ.

ಕುರ್ಲಾ ಮುನ್ಸಿಪಲ್ ಕನ್ನಡ ಶಾಲೆ, ಹನ್ನೊಂದು ವರ್ಷ.
ಆಮೇಲೆ ವಾರ್ಡಿನ ಪರಿಸರ ಅಧಿಕಾರಿ.
ಒಂದು ಮೆಮೋ: ರಾತ್ರಿ ಎರಡಕ್ಕೆ
ಕಲ್ಲುಮಣ್ಣು ಸುರಿಯಲು ಬಂದ ಲಾರಿಯ ಮುಂದೆ
ಕುರ್ಚಿ ಹಾಕಿ ಕೂತದ್ದಕ್ಕೆ.
ಎರಡು ಬಡ್ತಿ ತಪ್ಪಿದ್ದು. ಒಂದು ಶಾಲು.

ನಾಲ್ಕನೇ ಕ್ಲಾಸಿನಲ್ಲಿ ಮೀಠಿ ನದಿಯ ನೀರನ್ನು
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು
ನನ್ನ ಮೂಗಿಗೆ ಹಿಡಿದಿದ್ದರು:
"ಹೆಸರಿನ ಅರ್ಥ ಹೇಳು."
ಸಿಹಿ, ಅಂದೆ.
ಇಡೀ ಕ್ಲಾಸು ನಕ್ಕಿತು. ಅವರು ನಗಲಿಲ್ಲ.

ಷರಾ ಕಾಲಂ ಖಾಲಿ.
ಕಿಟಕಿಯಾಚೆ ಅದೇ ನದಿ, ಇನ್ನೂ ಕಪ್ಪು;
ದಡದಲ್ಲಿ ಮಾತ್ರ ಮೊಣಕಾಲೆತ್ತರ ಕಾಂಡ್ಲ,
ಅದರೊಳಗೆ ಏನೋ ಹುಡುಕುವ ಕೊಕ್ಕರೆ.

ಪೆನ್ನೆತ್ತಿದೆ.
ಮರಾಠಿ ಕಡತದ ಮೇಲೆ
ನಾಲ್ಕನೇ ಕ್ಲಾಸಿನ ನನ್ನ ಕನ್ನಡ ಅಕ್ಷರ ಬಂತು,
ಕೊಂಬು ತಪ್ಪಿ.